ಹಾಲುಕ್ಕಿದ ಬೆಳಗಿನ ಬಿರುಕು: ಒಂದು ಬಾಡಿಗೆ ಮನೆಯ ಪ್ರಕರಣ

2024ರ ಜೂನ್ 29ರ ಶನಿವಾರ ಸಂಜೆ ನಮ್ಮ ಬೀದಿಯ ಒಂದು ಮನೆಯ ಮೊದಲ ಮಹಡಿಯಿಂದ ಸಾಮಾನು ಇಳಿಯುತ್ತಿತ್ತು. ಆಷಾಢ ಹಿಡಿಯಲು ಒಂದು ವಾರ ಉಳಿದಿತ್ತು. ಬೆಂಗಳೂರಿನಲ್ಲಿ ಆ ವಾರ ಸಾಮಾನು ಸಾಗಿಸುವ ಗಾಡಿ ಸಿಗುವುದೇ ಕಷ್ಟ. ಮೂಟೆ ಕಟ್ಟಿದ ಪಾತ್ರೆ, ಬಿಚ್ಚಿದ ಮಂಚ, ರಚ್ಚೆ ಹಿಡಿದ ಮಗು, ಇವುಗಳ ನಡುವೆ ಮನೆಯ ಒಡತಿ ನೋಟ್‌ಪುಸ್ತಕ ಹಿಡಿದು ಕೋಣೆಯಿಂದ ಕೋಣೆಗೆ ಹೋಗಿ ಪಟ್ಟಿ ಮಾಡುತ್ತಿದ್ದರು. ರಾತ್ರಿ ಎಂಟರ ಹೊತ್ತಿಗೆ ಪಟ್ಟಿ ಮುಗಿಯಿತು. ಬಾಡಿಗೆದಾರರು ಕೊಟ್ಟಿದ್ದ 1,80,000 ರೂಪಾಯಿ ಮುಂಗಡದಲ್ಲಿ 68,245 ರೂಪಾಯಿ ಮುರಿದುಕೊಳ್ಳಬೇಕೆಂದು ಅದು ಹೇಳುತ್ತಿತ್ತು.

ಮರುದಿನ ಬೆಳಗ್ಗೆ ಎರಡೂ ಕಡೆಯವರು ನನ್ನ ಮನೆಗೆ ಬಂದರು, ಬೇರೆ ಬೇರೆಯಾಗಿ. ನಾನು ಲೋಕೋಪಯೋಗಿ ಇಲಾಖೆಯಲ್ಲಿ ಎಂಜಿನಿಯರ್ ಆಗಿ ಕೆಲಸ ಮಾಡಿ ನಿವೃತ್ತನಾದವನು. ಗೋಡೆ ಯಾಕೆ ನೆನೆಯುತ್ತದೆ, ಕಲ್ಲು ಯಾಕೆ ಸೀಳುತ್ತದೆ ಎಂದು ಕೇಳಲು ಬೀದಿಯವರು ಬರುತ್ತಿರುತ್ತಾರೆ. ಈ ಪ್ರಕರಣವನ್ನು ಬರೆಯಲು ಇಬ್ಬರೂ ಒಪ್ಪಿದ್ದಾರೆ. ಹೆಸರು, ಬಡಾವಣೆ ಬಿಟ್ಟಿದ್ದೇನೆ.

ಮನೆ 30×40 ಅಡಿ ನಿವೇಶನದ್ದು. ಕೆಳಗೆ ಒಡತಿ ಇರುತ್ತಾರೆ. ಸರ್ಕಾರಿ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು, ಗಂಡ ತೀರಿಕೊಂಡಿದ್ದಾರೆ. ಬೀದಿಯಲ್ಲಿ ಎಲ್ಲರಿಗೂ ಅವರು ಟೀಚರಮ್ಮ. ಬಾಡಿಗೆದಾರರು ಹಾಸನ ಕಡೆಯ ದಂಪತಿ. ಗಂಡ ಒಂದು ಕಾರ್ಖಾನೆಯಲ್ಲಿ ಮೇಲ್ವಿಚಾರಕರು, ಹೆಂಡತಿ ಖಾಸಗಿ ಶಾಲೆಯೊಂದರಲ್ಲಿ ಲೆಕ್ಕ ಬರೆಯುತ್ತಾರೆ. 2021ರ ಸೆಪ್ಟೆಂಬರ್ 1ರಿಂದ ಕರಾರು. ಬಾಡಿಗೆ 18,000, ಮುಂಗಡ ಹತ್ತು ತಿಂಗಳದ್ದು. ಹನ್ನೊಂದು ತಿಂಗಳಿಗೊಮ್ಮೆ ಕರಾರು ಹೊಸದಾಗುತ್ತಿತ್ತು, ಬಾಡಿಗೆ ಶೇಕಡಾ 5ರಷ್ಟು ಏರುತ್ತಿತ್ತು. ಹೀಗೆ ಎರಡು ಸಲ ಏರಿ ಬಾಡಿಗೆ 19,845ಕ್ಕೆ ಬಂದು ನಿಂತಿತ್ತು, 33 ತಿಂಗಳು ಮುಗಿದ ಮೇಲಿನ ಕೊನೆಯ ತಿಂಗಳಿಗೂ ಅದೇ. ಒಟ್ಟು 34 ತಿಂಗಳ ವಾಸ. ಈ ಹನ್ನೊಂದರ ಲೆಕ್ಕ ಎಲ್ಲರಿಗೂ ರೂಢಿ. 1908ರ ನೋಂದಣಿ ಕಾಯ್ದೆಯ ಪ್ರಕಾರ ಒಂದು ವರ್ಷ ಮೀರಿದ ಗೇಣಿ ಪತ್ರವನ್ನು ನೋಂದಾಯಿಸಲೇಬೇಕು. ಆ ಖರ್ಚು, ಓಡಾಟ ತಪ್ಪಿಸಲು ಹನ್ನೊಂದಕ್ಕೇ ನಿಲ್ಲಿಸುತ್ತಾರೆ.

ಪಟ್ಟಿಯಲ್ಲಿದ್ದದ್ದು ಇದು. ಸುಣ್ಣಬಣ್ಣಕ್ಕೆ ಒಂದು ತಿಂಗಳ ಬಾಡಿಗೆ, ಅಂದರೆ 19,845. ಅಡುಗೆ ಕಟ್ಟೆಯ ಗ್ರಾನೈಟ್ ಬಿರುಕು ಬಿಟ್ಟಿದ್ದಕ್ಕೆ 14,000. ಮಲಗುವ ಕೋಣೆಯ ಒಂದು ಗೋಡೆ ಬೂಷ್ಟು ಹಿಡಿದು ಗಿಲಾವು ಉದುರಿದ್ದಕ್ಕೆ 12,000. ಕೆಟ್ಟುಹೋದ ಗೀಸರ್‌ಗೆ 7,500. ಬಚ್ಚಲು ಮನೆಯ ನಲ್ಲಿ, ಟೈಲ್ಸ್ ಕಲೆಗಟ್ಟಿದ್ದಕ್ಕೆ 6,000. ಗೋಡೆ ಬೀರುವಿನ ಬಾಗಿಲು ಜೋತುಬಿದ್ದದ್ದಕ್ಕೆ 3,500. ಶುಚಿ ಮಾಡಿಸಲು 3,000. ಹರಿದ ಎರಡು ಸೊಳ್ಳೆ ಜಾಲರಿಗೆ 2,400. ಸುಣ್ಣಬಣ್ಣದ ಹಣ ಹೋಗುತ್ತದೆಂದು ಬಾಡಿಗೆದಾರರಿಗೆ ಮೊದಲೇ ಗೊತ್ತಿತ್ತು, ಕರಾರಿನಲ್ಲಿ ಬರೆದಿತ್ತು. ಉಳಿದ 48,400ರ ಮಾತು ಅವರು ಕೇಳಿದ್ದು ಗಾಡಿ ಹತ್ತುವ ಹೊತ್ತಿಗೆ.

ನಾನು ಕೇಳಿದ ಮೊದಲ ಪ್ರಶ್ನೆ ಟೀಚರಮ್ಮನವರಿಗೆ: "ಇವರು ಬಂದಾಗ ಈ ಮನೆ ಹೇಗಿತ್ತು ಅನ್ನುವುದಕ್ಕೆ ಏನಿದೆ?"

ಅವರು ಕರಾರು ಪತ್ರ ತಂದರು. ಕೊನೆಯ ಪುಟದಲ್ಲಿ ಹೀಗಿತ್ತು: ಫ್ಯಾನ್ 4, ಟ್ಯೂಬ್‌ಲೈಟ್ 5, ಗೀಸರ್ 1, ಗೋಡೆ ಬೀರು 2. ಅದರ ಕೆಳಗೆ, "ಎಲ್ಲವೂ ಸುಸ್ಥಿತಿಯಲ್ಲಿವೆ." ಬೆರಳಚ್ಚಿನ ಅಂಗಡಿಯ ಕಂಪ್ಯೂಟರಿನಲ್ಲಿ ಸಿದ್ಧವಾಗಿ ಕೂತಿರುವ ಸಾಲು ಅದು. ಊರಿನ ಎಷ್ಟು ಸಾವಿರ ಕರಾರುಗಳಲ್ಲಿ ಅದೇ ಸಾಲು ಅಚ್ಚಾಗಿದೆಯೋ. ಅದನ್ನು ಬರೆದವನು ಮನೆ ನೋಡಿಲ್ಲ, ಸಹಿ ಹಾಕಿದವರು ಸಾಲನ್ನು ಓದಿಲ್ಲ. ಮೂರು ವರ್ಷದ ಮೇಲೆ ಮಾತ್ರ ಅದು ಎದ್ದು ಕುಳಿತು ಬಾಡಿಗೆದಾರನ ವಿರುದ್ಧ ಸಾಕ್ಷಿ ಹೇಳುತ್ತದೆ. ಬಂದಾಗ ಎಲ್ಲ ಸುಸ್ಥಿತಿ, ಹೋಗುವಾಗ ಬಿರುಕು. ಹಾಗಾದರೆ ಬಿರುಕು ನಿಮ್ಮದೇ.

ಮನೆ ಬಿಡುವಾಗಿನ ತಪಾಸಣೆ ಎಂದರೆ ಒಂದು ಕಳೆಯುವ ಲೆಕ್ಕ. ಬಂದ ದಿನದ ಸ್ಥಿತಿಯಿಂದ ಬಿಟ್ಟ ದಿನದ ಸ್ಥಿತಿಯನ್ನು ಕಳೆದು, ಅದರಲ್ಲಿ ಕಾಲ ಸವೆಸಿದ್ದನ್ನು ಬಿಟ್ಟರೆ ಉಳಿಯುವುದು ಬಾಡಿಗೆದಾರರ ಬಾಧ್ಯತೆ. ಮೇಲಿನ ಅಂಕಿಯೇ ಇಲ್ಲದಿದ್ದರೆ ಎಷ್ಟು ಶ್ರದ್ಧೆಯಿಂದ ಕಳೆದರೂ ಬರುವುದು ಉತ್ತರವಲ್ಲ. ಆಗ ಇಬ್ಬರ ನೆನಪುಗಳು ಜಗಳಕ್ಕೆ ನಿಲ್ಲುತ್ತವೆ. ಹಣ ಯಾರ ಕೈಯಲ್ಲಿದೆಯೋ ಅವರ ನೆನಪು ಗೆಲ್ಲುತ್ತದೆ.

ಗೋಡೆ

ಮಂಗಳವಾರ ನಾನು ಮನೆಯೊಳಗೆ ಹೋದೆ. ಗೋಡೆಯ ವಿಷಯದಲ್ಲಿ ಟೀಚರಮ್ಮನವರಿಗೆ ಸಂಶಯವೇ ಇರಲಿಲ್ಲ. "ಮಗುವಿನ ಬಟ್ಟೆಯನ್ನೆಲ್ಲ ಒಳಗೇ ಒಣಗಿಸುತ್ತಿದ್ದರು. ಕಿಟಕಿ ತೆಗೆಯುತ್ತಲೇ ಇರಲಿಲ್ಲ. ಅದಕ್ಕೇ ಬೂಷ್ಟು" ಎಂದರು. ಹಾಗೆ ಆಗುವುದು ಉಂಟು. ಗಾಳಿಯಾಡದ ಕೋಣೆಯಲ್ಲಿ ಬಟ್ಟೆ ಒಣಗಿಸಿದರೆ ಆವಿ ತಣ್ಣನೆಯ ಗೋಡೆಗೆ ತಾಗಿ ನೀರಾಗುತ್ತದೆ. ಆದರೆ ಅಂಥ ಬೂಷ್ಟು ಸಾಮಾನ್ಯವಾಗಿ ಮೇಲಿನ ಮೂಲೆಗಳಲ್ಲಿ, ಬೀರುವಿನ ಹಿಂದೆ, ಚುಕ್ಕೆ ಚುಕ್ಕೆಯಾಗಿ ಕಾಣುತ್ತದೆ. ಇಲ್ಲಿ ತೇವ ನೆಲದಿಂದ ಎದ್ದು ಎರಡೂವರೆ ಅಡಿಯವರೆಗೆ ಏರಿತ್ತು. ಅಂಚಿನಲ್ಲಿ ಕಂದು ಗೆರೆ. ಗಿಲಾವಿನ ಮೇಲೆ ಬಿಳಿ ಉಪ್ಪು ಹೂ ಬಿಟ್ಟಿತ್ತು. ಗೋಡೆಯ ಆ ಕಡೆ ಬಚ್ಚಲು ಮನೆ.

ಒಂದು ಚದರಡಿ ಪ್ಲಾಸ್ಟಿಕ್ ಹಾಳೆಯನ್ನು ತೇವದ ಜಾಗದ ಮೇಲೆ ಇಟ್ಟು ನಾಲ್ಕೂ ಅಂಚಿಗೆ ಟೇಪು ಅಂಟಿಸಿದೆ. ತೇವದ ಅಂಚಿನುದ್ದಕ್ಕೂ ಪೆನ್ಸಿಲ್ಲಿನಲ್ಲಿ ಗೆರೆ ಎಳೆದು ದಿನಾಂಕ ಬರೆದೆ. ಹಾಳೆಯ ಹೊರಮೈಯಲ್ಲಿ ಹನಿ ಕಟ್ಟಿದರೆ ನೀರು ಕೋಣೆಯ ಗಾಳಿಯದ್ದು. ಒಳಮೈಯಲ್ಲಿ ಕಟ್ಟಿದರೆ ಗೋಡೆಯದ್ದು. ಗುರುವಾರ ಬಂದು ನೋಡಿದಾಗ ಹೊರಮೈ ಒಣಗಿತ್ತು, ಒಳಮೈ ಬೆವೆತಿತ್ತು. ಮನೆ ಖಾಲಿಯಾಗಿ ನಾಲ್ಕು ದಿನವಾಗಿದ್ದರೂ ಹೀಗೆ. ಶುಕ್ರವಾರ ಬಚ್ಚಲಿನ ನೀರು ಹೋಗುವ ಬಾಯಿಗೆ ಬಟ್ಟೆ ತುರುಕಿ, ನೆಲದ ಮೇಲೆ ಎರಡು ಅಂಗುಲ ನೀರು ನಿಲ್ಲಿಸಿದೆವು. ಶನಿವಾರದ ಹೊತ್ತಿಗೆ ತೇವ ಪೆನ್ಸಿಲ್ ಗೆರೆಯನ್ನು ಬೆರಳಗಲ ದಾಟಿತ್ತು. ಬಚ್ಚಲಿನ ನೆಲದ ಟೈಲ್ಸ್ ಸಂದುಗಳು ಬಿಟ್ಟುಕೊಂಡಿದ್ದವು. ಅದರಡಿಯ ಜಲನಿರೋಧಕ ಪದರ ಸೋತಿತ್ತು.

ಇಷ್ಟನ್ನು ತೋರಿಸಿದರೂ ಟೀಚರಮ್ಮ ಸುಮ್ಮನೆ ನಿಂತಿದ್ದರು. ಆಮೇಲೆ, "ಕೆಳಗೆ ಬನ್ನಿ" ಎಂದು ತಮ್ಮ ಮನೆಯ ಉಗ್ರಾಣಕ್ಕೆ ಕರೆದುಕೊಂಡು ಹೋದರು. ಆ ಬಚ್ಚಲಿನ ನೇರ ಕೆಳಗಿನ ಕೋಣೆ ಅದು. ಚಾವಣಿಯಲ್ಲಿ ಮೊರದಗಲ ಹಳದಿ ಕಲೆ. ನಾಲ್ಕೈದು ವರ್ಷದಿಂದ ಇದೆಯಂತೆ. ಅಕ್ಕಿ ಡಬ್ಬಿಯನ್ನು ಪಕ್ಕಕ್ಕೆ ಸರಿಸಿಟ್ಟುಕೊಂಡು ಬದುಕಿದ್ದರೇ ಹೊರತು, ಅದನ್ನೂ ಮೇಲಿನ ಗೋಡೆಯನ್ನೂ ಅವರ ಮನಸ್ಸು ಒಂದಾಗಿ ನೋಡಿರಲಿಲ್ಲ. ಅವರು ಸುಳ್ಳು ಹೇಳುತ್ತಿರಲಿಲ್ಲ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ಬಾಡಿಗೆ ಮನೆಯ ವ್ಯಾಜ್ಯಗಳಲ್ಲಿ ಮೋಸಗಾರರು ನನಗೆ ಸಿಕ್ಕಿದ್ದು ಕಡಿಮೆ. ಅರ್ಧ ನೋಡಿ ಪೂರ್ತಿ ನಂಬಿದವರು ಸಿಕ್ಕಿದ್ದು ಹೆಚ್ಚು.

ಗೋಡೆಯ ಜೊತೆಗೇ ಇನ್ನೊಂದು ಸಾಲೂ ಬಿದ್ದುಹೋಯಿತು. ಬಾಗಿಲು ಜೋತುಬಿದ್ದ ಗೋಡೆ ಬೀರು ಅದೇ ಗೋಡೆಗೆ ಅಂಟಿಕೊಂಡಿತ್ತು. ಅದರ ಹಲಗೆ ಮರದ ಪುಡಿಯನ್ನು ಅಂಟಿನಲ್ಲಿ ಒತ್ತಿ ಮಾಡಿದ್ದು. ತೇವ ಕುಡಿದು ಕೆಳ ಅಂಚು ಊದಿಕೊಂಡಿತ್ತು. ಊದಿದ ಹಲಗೆಯಲ್ಲಿ ಕೀಲಿನ ತಿರುಪು ನಿಲ್ಲುವುದಿಲ್ಲ. ಪಟ್ಟಿಯಲ್ಲಿ ಎರಡು ಸಾಲು, ಕಾರಣ ಒಂದೇ.

ಬಾಡಿಗೆದಾರರ ಪರವಾಗಿ ಇನ್ನೊಂದು ಬಲವಿತ್ತು. ಬೆಂಗಳೂರನ್ನು ಮಳೆ ಮುಳುಗಿಸಿದ 2022ರ ಸೆಪ್ಟೆಂಬರಿನ ನಂತರ, ಅಕ್ಟೋಬರಿನಲ್ಲಿ, ಹೆಂಡತಿ ಆ ಗೋಡೆಯ ಫೋಟೊ ತೆಗೆದು ಟೀಚರಮ್ಮನವರಿಗೆ ವಾಟ್ಸ್ಆ್ಯಪ್‌ನಲ್ಲಿ ಕಳುಹಿಸಿದ್ದರು. "ಮಳೆ ನಿಲ್ಲಲಿ, ನೋಡೋಣಮ್ಮ" ಎಂಬ ಉತ್ತರವೂ ಇತ್ತು. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಪ್ರಕರಣ ಇಬ್ಬರ ಹೊಣೆಯನ್ನೂ ಹೇಳುತ್ತದೆ. ಬಾಡಿಗೆದಾರರು ಮನೆಯನ್ನು ತಮಗೆ ಸಿಕ್ಕ ಸ್ಥಿತಿಯಲ್ಲೇ ಹಿಂದಿರುಗಿಸಬೇಕು, ಆದರೆ ಸಹಜ ಸವಕಳಿಯನ್ನೂ ತಡೆಯಲಾಗದ ಅನಾಹುತಗಳನ್ನೂ ಹೊರತುಪಡಿಸಿ. ಮಾಲೀಕರು ಮಾಡಲೇಬೇಕಾದ ದುರಸ್ತಿಯನ್ನು ತಿಳಿಸಿದ ಮೇಲೂ ಮಾಡದಿದ್ದರೆ, ಬಾಡಿಗೆದಾರರೇ ಮಾಡಿಸಿ ಖರ್ಚನ್ನು ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ನೂರನಲವತ್ತು ವರ್ಷ ಹಳೆಯ ಈ ಮಾತೇ ಇಂದಿಗೂ ನಮ್ಮ ಹೆಚ್ಚಿನ ಮನೆಗಳಿಗೆ ಆಧಾರ. 1999ರ ಕರ್ನಾಟಕ ಬಾಡಿಗೆ ಕಾಯ್ದೆ ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಪ್ರಮಾಣಿತ ಬಾಡಿಗೆಯ ಮನೆಗಳಿಗೆ ಅನ್ವಯಿಸುವುದೇ ಇಲ್ಲ.

ಅಡುಗೆ ಕಟ್ಟೆ

ಗೋಡೆ ತಾನೇ ಸಾಕ್ಷಿ ಹೇಳಿತು. ಕಲ್ಲು ಹಾಗೆ ಹೇಳುವುದಿಲ್ಲ. ಸಿಂಕಿನ ಎಡ ಮೂಲೆಯಿಂದ ಹೊರಟು ಗೋಡೆಯ ಕಡೆಗೆ ಓಡಿದ್ದ ಕೂದಲೆಳೆಯ ಬಿರುಕು, ಅಳೆದರೆ 11 ಸೆಂಟಿಮೀಟರ್. ಗ್ರಾನೈಟ್ ಹೆಚ್ಚಾಗಿ ಬಿರಿಯುವುದೇ ಅಲ್ಲಿ. ಸಿಂಕ್ ಕೂರಿಸಲು ಕಲ್ಲನ್ನು ಚೌಕವಾಗಿ ಕೊರೆದಾಗ ಹಿಂದೆ ಮುಂದೆ ಉಳಿಯುವುದು ಕೆಲವೇ ಬೆರಳಗಲದ ಪಟ್ಟಿ. ಕೆಳಗೆ ಆಧಾರ ಸರಿಯಾಗಿ ಕೊಡದಿದ್ದರೆ, ಕೊರೆದ ಮೂಲೆ ಚೂಪಾಗಿದ್ದರೆ, ಎಲ್ಲ ಭಾರವೂ ಆ ಮೂಲೆಯಲ್ಲಿ ಬಂದು ಕೂಡುತ್ತದೆ. ಬಿರುಕು ಕಲ್ಲು ತಾನೇ ಜಗ್ಗಿದ್ದರಿಂದಲೋ ಯಾರಾದರೂ ತುಳಿದಿದ್ದರಿಂದಲೋ ಎಂದು ಕಲ್ಲನ್ನು ನೋಡಿ ಹೇಳಲು ನನ್ನಿಂದ ಆಗಲಿಲ್ಲ. ಹಾಗೆಂದು ಒಪ್ಪಿಕೊಂಡೆ.

ಟೀಚರಮ್ಮನವರು ಒಂದು ದಿನ ಬಾಡಿಗೆದಾರರ ಗಂಡ ಕಟ್ಟೆಯ ಮೇಲೆ ನಿಂತು ಅಟ್ಟದಿಂದ ಡಬ್ಬಿ ಇಳಿಸುವುದನ್ನು ಕಣ್ಣಾರೆ ನೋಡಿದ್ದರು. ಅವರೂ ಅಲ್ಲಗಳೆಯಲಿಲ್ಲ. "ಹತ್ತಿದ್ದೇನೆ ಸರ್, ಎರಡು ಮೂರು ಸಲ. ಬಿರುಕು ಮೊದಲೇ ಇತ್ತು" ಎಂದರು. ಇದ್ದದ್ದಕ್ಕೆ ಗುರುತೇನು? ಆ ಕಾಲದ ಫೋನು ಕೆಟ್ಟು ಹೋಗಿತ್ತು. ಅದರಲ್ಲಿದ್ದ ಚಿತ್ರಗಳೂ ಹೋಗಿದ್ದವು. 14,000 ರೂಪಾಯಿ ಅವರ ಮಾತು ಇವರ ಮಾತುಗಳ ನಡುವೆ ಸಿಕ್ಕಿಕೊಂಡಿತು.

ದಾರಿ ತೋರಿಸಿದ್ದು ಹೆಂಡತಿ. 2021ರ ಆಗಸ್ಟ್ ಕೊನೆಯ ವಾರ, ಶ್ರಾವಣದಲ್ಲಿ, ಸಾಮಾನು ತರುವುದಕ್ಕೆ ನಾಲ್ಕು ದಿನ ಮೊದಲು ಅವರು ಖಾಲಿ ಮನೆಗೆ ಬಂದು ಹಾಲು ಉಕ್ಕಿಸಿದ್ದರು. ಕೊರೊನಾ ಭಯದಲ್ಲಿ ಊರಿನಿಂದ ಯಾರೂ ಬಂದಿರಲಿಲ್ಲ. ಅಮ್ಮನಿಗೆಂದು ಮಾಡಿದ ವಿಡಿಯೊ ಹಾಸನದಲ್ಲಿ ಅಮ್ಮನ ಫೋನಿನಲ್ಲೇ ಉಳಿದಿತ್ತು. ತರಿಸಿಕೊಂಡು ನಾವು ನಾಲ್ವರೂ ಕೂತು ನೋಡಿದೆವು. ಕಟ್ಟೆಯ ಮೇಲೆ ಸಣ್ಣ ಒಲೆ, ಅರಿಸಿನ ಕುಂಕುಮ ಹಚ್ಚಿದ ಹೊಸ ಪಾತ್ರೆ. ಹಾಲು ನೊರೆಯೆದ್ದು ಪೂರ್ವಕ್ಕೆ ಉಕ್ಕಿತು, ಎಲ್ಲರೂ ಖುಷಿಯಿಂದ ಕೂಗಿದರು. ಹಾಲು ಕಪ್ಪು ಕಲ್ಲಿನ ಮೇಲೆ ಹರಿದು ಸಿಂಕಿನ ಕಡೆಗೆ ಬಂತು. ಮೂಲೆಯ ಹತ್ತಿರ ಅದು ಒಂದು ಕ್ಷಣ ನಿಂತು, ಓರೆಯಾಗಿ ಗೋಡೆಯ ಕಡೆಗೆ ತೆಳ್ಳನೆಯ ಬಿಳಿ ಗೆರೆಯಾಗಿ ಎಳೆದುಕೊಂಡಿತು. ಆ ಗೆರೆಯೇ ಈ ಬಿರುಕು. ಚೌಕಟ್ಟಿನ ಅಂಚಿನಲ್ಲಿ ಕುಂಕುಮದ ತಟ್ಟೆ ಹಿಡಿದು ನಗುತ್ತಾ ನಿಂತಿದ್ದವರು ಟೀಚರಮ್ಮನವರೇ.

ಅವರು ವಿಡಿಯೊವನ್ನು ಮತ್ತೊಮ್ಮೆ ಹಾಕಿಸಿ ನೋಡಿದರು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು. ನೋಟ್‌ಪುಸ್ತಕದಲ್ಲಿ 14,000ದ ಸಾಲಿನ ಮೇಲೆ ತಾವೇ ಗೆರೆ ಎಳೆದರು.

ನಮ್ಮಲ್ಲಿ ಮನೆ ಸೇರುವ ಮೊದಲು ಇಂಥದೊಂದು ಗಳಿಗೆ ಇದ್ದೇ ಇದೆ. ಗುಡಿಸಿ ಒರೆಸಿದ ಖಾಲಿ ಮನೆ, ಎರಡೂ ಕಡೆಯವರು ಹಾಜರು, ಮನಸ್ಸಿನಲ್ಲಿ ಒಳ್ಳೆಯ ಭಾವ. ಮೊಳೆ ಹೊಡೆದಿಲ್ಲ, ಮಂಚ ಬಂದಿಲ್ಲ, ಪ್ರತಿ ಮೂಲೆಯೂ ಕಣ್ಣಿಗೆ ಬೀಳುತ್ತದೆ. ತಪಾಸಣೆಗೆ ಇದಕ್ಕಿಂತ ತಕ್ಕ ಹೊತ್ತಿಲ್ಲ. ಆದರೆ ಆ ಹೊತ್ತಿನಲ್ಲಿ ಗೋಡೆಯ ಕಲೆಯನ್ನು ಬೆರಳಿಟ್ಟು ತೋರಿಸುವುದು ಅಪಶಕುನ ನುಡಿದಂತೆ, ಸಂಶಯಪಟ್ಟಂತೆ ಎಂದು ಸಂಕೋಚ. ರಾಹುಕಾಲ ಬರುವುದರೊಳಗೆ ಮುಗಿಸಬೇಕೆಂಬ ಅವಸರ ಬೇರೆ. ಬಂದ ದಿನ ನುಂಗಿಕೊಂಡ ಒಂದು ಮಾತು, ಬಿಡುವ ದಿನ ಹತ್ತು ಮಾತಾಗಿ ಹೊರಬೀಳುತ್ತದೆ.

ಉಳಿದ ಸಾಲುಗಳು

ಗೀಸರ್ ವಿಚಾರ ಬೇಗ ಮುಗಿಯಿತು. ಅದರ ವಾರಂಟಿ ಕಾರ್ಡ್ ಟೀಚರಮ್ಮನವರ ಕಡತದಲ್ಲೇ ಇತ್ತು, 2014ರದ್ದು. ನಮ್ಮ ಬೀದಿಗೆ ಹೆಚ್ಚಾಗಿ ಬರುವುದು ಬೋರ್‌ವೆಲ್ ನೀರು, ಗಡಸು ನೀರು. ಕಾಯಿಸಿದಾಗ ಅದರಲ್ಲಿ ಕರಗಿದ ಸುಣ್ಣ ಬೇರ್ಪಟ್ಟು ಕಾಯಿಲಿನ ಮೇಲೆ ಪದರವಾಗಿ ಕೂರುತ್ತದೆ, ಕಾಯಿಲ್ ಸುಟ್ಟುಹೋಗುತ್ತದೆ. ಬಾಡಿಗೆದಾರರು 2022ರಲ್ಲಿ ತಮ್ಮ ಖರ್ಚಿನಲ್ಲೇ ಒಮ್ಮೆ ಕಾಯಿಲ್ ಬದಲಿಸಿದ್ದರು. ಹತ್ತು ವರ್ಷ ದುಡಿದ ಗೀಸರ್ ಸತ್ತರೆ ಅದು ಕೊನೆಯದಾಗಿ ಬಳಸಿದವರ ತಪ್ಪಲ್ಲ. ನಲ್ಲಿಯ ಮೇಲಿನ ಬಿಳಿ ಕಲೆಯೂ ಅದೇ ನೀರಿನ ಕೆಲಸ. ಆದರೆ ಟೈಲ್ಸ್ ಮೇಲಿನದು ಬರೀ ಉಪ್ಪಲ್ಲ. ಸೋಪಿನ ಜಿಡ್ಡನ್ನು ತಿಂಗಳುಗಟ್ಟಲೆ ಉಜ್ಜದೆ ಬಿಟ್ಟಿದ್ದರು, ಒಲೆಯ ಹಿಂದಿನ ಗೋಡೆಯಲ್ಲೂ ಎಣ್ಣೆ ಅಂಟಿತ್ತು. ಕಲೆಯ 6,000 ಬಿಟ್ಟು ಶುಚಿ ಮಾಡಿಸಲು 3,000 ಕೊಡುವುದು ನ್ಯಾಯ ಎಂದೆ, ದಂಪತಿ ಒಪ್ಪಿದರು.

ಸೊಳ್ಳೆ ಜಾಲರಿ ಹರಿದದ್ದು ಮಗು. ಜಾಲರಿಯನ್ನು 2021ರಲ್ಲಿ ಹೊಸದಾಗಿ ಹಾಕಿಸಿದ ಚೀಟಿ ಇತ್ತು. ಹಾಗಾದರೆ ಪೂರ್ತಿ 2,400 ಕೊಡಬೇಕೇ? ಮೂರು ವರ್ಷ ಬಿಸಿಲು ಮಳೆ ಕಂಡ ಜಾಲರಿಯ ಬದಲಿಗೆ ಹೊಚ್ಚ ಹೊಸದನ್ನು ಕೊಡಿಸಿದರೆ, ಕಳೆದುಕೊಂಡದ್ದಕ್ಕಿಂತ ಹೆಚ್ಚು ಮಾಲೀಕರಿಗೆ ಬಂದಂತೆ. ಇಂಗ್ಲೆಂಡಿನಲ್ಲಿ ಇರುವ ನನ್ನ ತಂಗಿಯ ಮಗ ಈ ನಿಯಮವನ್ನು ಅಲ್ಲಿಯ ಅನುಭವದಿಂದ ವಿವರಿಸಿದ್ದ. ಅಲ್ಲಿ 2007ರ ಏಪ್ರಿಲ್‌ನಿಂದ ಮುಂಗಡ ಹಣವನ್ನು ಸರ್ಕಾರ ಒಪ್ಪಿದ ರಕ್ಷಣಾ ಯೋಜನೆಯೊಂದರ ಅಡಿ ಇಡಬೇಕು. ತಕರಾರು ಬಂದರೆ ಹಣ ಬಾಡಿಗೆದಾರರದ್ದೇ ಎಂದು ಹಿಡಿದು, ಮುರಿದುಕೊಳ್ಳುವ ಹಕ್ಕನ್ನು ಮಾಲೀಕರೇ ರುಜುವಾತು ಮಾಡಬೇಕು. ಹಳೆಯದಕ್ಕೆ ಹೊಸದರ ಬೆಲೆ ಕೇಳುವಂತಿಲ್ಲ. ನಮ್ಮಲ್ಲಿ ರುಜುವಾತಿನ ಹೊರೆ ಹೊತ್ತು ಅಲೆಯುವವರು ಹಣ ಕೊಟ್ಟವರು. ಈ ಒಂದು ವ್ಯತ್ಯಾಸ ನನ್ನನ್ನು ಬಹಳ ಕಾಡಿದೆ. ಜಾಲರಿಗೆ ಅರ್ಧ, 1,200 ಎಂದು ತೀರ್ಮಾನವಾಯಿತು.

ಪಟ್ಟಿಯಲ್ಲಿ ಇಲ್ಲದ ಒಂದು ಹಾನಿಯೂ ಇತ್ತು. ಶನಿವಾರ ಪಟ್ಟಿ ಬರೆಯುವಾಗ ಫ್ರಿಜ್ ಇನ್ನೂ ಜಾಗದಲ್ಲೇ ಇತ್ತು. ಅದು ಹೋದ ಮೇಲೆ ಅದರಡಿಯ ದೊಡ್ಡ ಟೈಲ್ ಮೂರು ಹೋಳಾಗಿರುವುದು ನನಗೆ ಕಂಡಿತು. ನಾನು ಬಾಯಿ ತೆರೆಯುವ ಮೊದಲೇ ಹೆಂಡತಿ, "ಅದು ನಮ್ಮದೇ ಆಂಟಿ. ಸಿಲಿಂಡರ್ ಕೈಜಾರಿ ಬಿತ್ತು. ಹೇಳಲು ಭಯವಾಗಿ ಅದರ ಮೇಲೆ ಫ್ರಿಜ್ ಇಟ್ಟೆವು" ಎಂದರು. ಅದೃಷ್ಟಕ್ಕೆ ಮನೆ ಕಟ್ಟಿದಾಗ ಮಿಕ್ಕ ನಾಲ್ಕು ಟೈಲ್ಸ್ ಅಟ್ಟದಲ್ಲಿದ್ದವು. ಅದೇ ಬಣ್ಣದ್ದು ಅಂಗಡಿಯಲ್ಲಿ ಈಗ ಸಿಗುವುದು ದುರ್ಲಭ. ಗಾರೆ ಕೆಲಸದವರ ಕೂಲಿ ಸೇರಿ 1,800 ಎಂದು ಬರೆದುಕೊಂಡೆವು. ಸಾಮಾನು ಇರುವಾಗ ತಪಾಸಣೆ ಮಾಡಬಾರದು ಎನ್ನುವುದಕ್ಕೆ ಇದೇ ಕಾರಣ. ಅದು ಇಬ್ಬರನ್ನೂ ದಾರಿ ತಪ್ಪಿಸುತ್ತದೆ.

ಇನ್ನು ಸುಣ್ಣಬಣ್ಣ. ಇಲ್ಲಿ ನನ್ನ ಮಾತು ನಡೆಯಲಿಲ್ಲ. ಅದನ್ನು ಮರೆಮಾಚದೆ ಬರೆಯುತ್ತೇನೆ. ಹಾಲುಕ್ಕಿಸಿದ ವಿಡಿಯೊದಲ್ಲಿ ಗೋಡೆಗಳು ಹೊಸ ಬಣ್ಣದವಲ್ಲ ಎಂಬುದೂ ಕಾಣುತ್ತಿತ್ತು. ಸ್ವಿಚ್ಚುಗಳ ಸುತ್ತ ಕೈ ಗುರುತು, ತೆಗೆದ ಕ್ಯಾಲೆಂಡರಿನ ಜಾಗದಲ್ಲಿ ಬಿಳಿ ಚೌಕ. 2021ರಲ್ಲಿ ಎರಡನೆಯ ಅಲೆಯ ನಂತರ ಪೇಂಟರುಗಳು ಸಿಕ್ಕಿರಲಿಲ್ಲವೆಂದು ಟೀಚರಮ್ಮ ಹೇಳಿದರು. ಆದರೆ ಆಗ ಮನೆ ಬಿಟ್ಟುಹೋದವರಿಂದ ಸುಣ್ಣಬಣ್ಣದ ಹಣ ಹಿಡಿದಿದ್ದರು. ಬಳಿಯದ ಬಣ್ಣಕ್ಕೆ ಎರಡನೆಯ ಸಲ ಹಣ ಹಿಡಿಯುವುದು ಸರಿಯಲ್ಲ ಎಂದು ನಾನು ವಾದಿಸಿದೆ. ಕೇಂದ್ರ ಸಚಿವ ಸಂಪುಟ 2021ರ ಜೂನ್ 2ರಂದು ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯನ್ನೂ ತೋರಿಸಿದೆ. ಅದರ ಅನುಸೂಚಿ ಗೋಡೆಗೆ ಸುಣ್ಣ, ಬಾಗಿಲು ಕಿಟಕಿಗೆ ಬಣ್ಣ, ವಿದ್ಯುತ್ ತಂತಿ, ನೀರಿನ ಕೊಳವೆಗಳನ್ನು ಮಾಲೀಕರ ಪಾಲಿಗೆ ಹಾಕುತ್ತದೆ. ನಲ್ಲಿ ವಾಷರ್, ಸ್ವಿಚ್ಚು, ಗೀಸರ್ ದುರಸ್ತಿ, ಚಿಲಕ, ಜಾಲರಿ ಬಾಡಿಗೆದಾರರ ಪಾಲು. ವಾಸದ ಮನೆಯ ಮುಂಗಡ ಎರಡು ತಿಂಗಳ ಬಾಡಿಗೆಯನ್ನು ಮೀರಬಾರದೆಂದೂ ಅದು ಹೇಳುತ್ತದೆ. ಆದರೆ ಅದು ಮಾದರಿ ಮಾತ್ರ. ರಾಜ್ಯವೊಂದು ತನ್ನ ಕಾಯ್ದೆಯಾಗಿ ಮಾಡಿಕೊಂಡರೆ ಮಾತ್ರ ಅದಕ್ಕೆ ಬಲ. ನಮ್ಮ ಮುಂದೆ ಇದ್ದದ್ದು ಇಬ್ಬರೂ ಸಹಿ ಮಾಡಿದ ಕರಾರು. ಅದರಲ್ಲಿ "ಮನೆ ಬಿಡುವಾಗ ಒಂದು ತಿಂಗಳ ಬಾಡಿಗೆಯನ್ನು ಸುಣ್ಣಬಣ್ಣಕ್ಕೆ ಮುರಿದುಕೊಳ್ಳತಕ್ಕದ್ದು" ಎಂದಷ್ಟೇ ಇತ್ತು. ಬಣ್ಣ ಬಳಿದು ಕೊಟ್ಟಿದ್ದರೆ ಎಂಬ ಷರತ್ತು ಇರಲಿಲ್ಲ. ಗಂಡ, "ಸಹಿ ಹಾಕಿದ್ದೇವೆ ಸರ್, ಬಿಡಿ" ಎಂದರು. 19,845 ಹಾಗೆಯೇ ಉಳಿಯಿತು. ಅದು ತಪ್ಪು ಎಂದು ನಾನು ಈಗಲೂ ಹೇಳುತ್ತೇನೆ.

ಜುಲೈ 7ರ ಭಾನುವಾರ, ಆಷಾಢದ ಎರಡನೆಯ ದಿನ, ಲೆಕ್ಕ ಮುಗಿಯಿತು. ಸುಣ್ಣಬಣ್ಣ 19,845, ಶುಚಿ 3,000, ಟೈಲ್ 1,800, ಜಾಲರಿ 1,200, ಒಟ್ಟು 25,845. ಹಿಂದಿರುಗಿಸಬೇಕಾದದ್ದು 1,54,155.

ಆಗ ಇನ್ನೊಂದು ಸತ್ಯ ಹೊರಗೆ ಬಂತು. ಆ ಹಣ ಟೀಚರಮ್ಮನವರ ಬಳಿ ಇರಲಿಲ್ಲ. ಮುಂಗಡ ಬಂದ ವರ್ಷವೇ ಕಣ್ಣಿನ ಶಸ್ತ್ರಚಿಕಿತ್ಸೆಗೆ, ಮಗಳ ಬಾಣಂತನಕ್ಕೆ ಖರ್ಚಾಗಿತ್ತು. ಮುಂದಿನ ಬಾಡಿಗೆದಾರರು ಕೊಡುವ ಮುಂಗಡದಿಂದ ಇವರಿಗೆ ಕೊಡುವುದು ಅವರ ಯೋಚನೆ. ಬೆಂಗಳೂರಿನ ಎಷ್ಟೋ ಮನೆಗಳ ಮುಂಗಡ ಹೀಗೆಯೇ ಕೈಯಿಂದ ಕೈಗೆ ಸುತ್ತುತ್ತದೆ. ಹಣ ಕೈಯಲ್ಲಿಲ್ಲದವರ ಪಟ್ಟಿ ತಾನಾಗಿಯೇ ಉದ್ದವಾಗುತ್ತದೆ, ಅವರಿಗೇ ತಿಳಿಯದಂತೆ. ಇತ್ತ ದಂಪತಿ ಹೊಸ ಮನೆಯ ಮುಂಗಡಕ್ಕೆ ಸಾಲ ಮಾಡಿದ್ದರು, ಬಡ್ಡಿ ಓಡುತ್ತಿತ್ತು. ಟೀಚರಮ್ಮ ಬ್ಯಾಂಕಿನ ಠೇವಣಿಯೊಂದನ್ನು ಅವಧಿಗೆ ಮುಂಚೆ ಮುರಿಸಿ ಆ ವಾರವೇ 1,00,000 ಕೊಟ್ಟರು. ಉಳಿದ 54,155 ರೂಪಾಯಿ ಆಗಸ್ಟ್ ಕೊನೆಯಲ್ಲಿ ಸಂದಾಯವಾಯಿತು. ಎರಡಕ್ಕೂ ರಸೀದಿ ಬರೆಸಿದೆ.

ಒಂದು ಎಳೆ ಮಾತ್ರ ಬಾಕಿ ಉಳಿಯಿತು. ಗೃಹಜ್ಯೋತಿ ಯೋಜನೆಗೆ ಬಾಡಿಗೆದಾರರ ಆಧಾರ್ ಆ ಮನೆಯ ವಿದ್ಯುತ್ ಮೀಟರಿನ ಖಾತೆಗೆ ಜೋಡಣೆಯಾಗಿತ್ತು. ಅದನ್ನು ಬಿಡಿಸದಿದ್ದರೆ ಹೊಸ ಮನೆಯಲ್ಲಿ ಅವರಿಗೂ, ಹಳೆಯ ಮನೆಯಲ್ಲಿ ಮುಂದಿನವರಿಗೂ ತೊಡಕು. ಬೀಗದ ಕೈ ಎಣಿಸಿಕೊಳ್ಳುವಾಗಲೇ ಇದನ್ನೂ ನೆನಪಿಸಿಕೊಳ್ಳಬೇಕು ಎಂಬುದು ನಮಗೆಲ್ಲ ಆಮೇಲೆ ಹೊಳೆಯಿತು.

ಮುಂದಿನವರು ಬಂದಾಗ

ಬಚ್ಚಲಿನ ನೆಲ ಕಿತ್ತು ಜಲನಿರೋಧಕ ಹಾಕಿಸಿ, ಗೋಡೆ ಒಣಗಲು ಬಿಟ್ಟು, ಈ ಸಲ ನಿಜವಾಗಿಯೂ ಬಣ್ಣ ಬಳಿಸಿದರು. 2024ರ ಶ್ರಾವಣದಲ್ಲಿ ಹೊಸಬರು ಹಾಲುಕ್ಕಿಸಲು ಬಂದರು. ಅದಕ್ಕೆ ಒಂದು ಗಂಟೆ ಮುಂಚೆ ನನ್ನನ್ನು ಕರೆದಿದ್ದರು.

ಬಾಗಿಲಿನಿಂದ ಶುರುಮಾಡಿ ಬಲಕ್ಕೆ ಸುತ್ತುತ್ತಾ ಹೋದೆವು. ಹಾಗೆ ಸುತ್ತಿದರೆ ಯಾವ ಗೋಡೆಯೂ ತಪ್ಪುವುದಿಲ್ಲ. ಪ್ರತಿ ಕೋಣೆಗೆ ಮೊದಲು ನಾಲ್ಕು ಮೂಲೆಯಿಂದ ದೂರದ ಚಿತ್ರ, ಆಮೇಲೆ ಕಂಡ ದೋಷದ ಹತ್ತಿರದ ಚಿತ್ರ. ಹತ್ತಿರದ ಚಿತ್ರದಲ್ಲಿ ಪಕ್ಕಕ್ಕೊಂದು ಅಳತೆ ಪಟ್ಟಿ ಇಟ್ಟೆವು. ಬರೀ ಬಿರುಕಿನ ಚಿತ್ರ ತೆಗೆದರೆ ಅದು ಎಲ್ಲಿಯದು, ಎಷ್ಟುದ್ದ ಎಂಬುದು ಮೂರು ವರ್ಷದ ಮೇಲೆ ತೆಗೆದವರಿಗೂ ತಿಳಿಯುವುದಿಲ್ಲ. ಎಲ್ಲ ನಲ್ಲಿಗಳನ್ನೂ ಒಟ್ಟಿಗೆ ಬಿಟ್ಟು ನೀರಿನ ರಭಸ ನೋಡಿದೆವು. ಸಿಂಕಿನಡಿಯ ಬೀರುವಿನಲ್ಲಿ ಕೈಯಾಡಿಸಿ ತೇವ ಹುಡುಕಿದೆವು. ಬಚ್ಚಲಿನಲ್ಲಿ ಎರಡು ಬಕೆಟ್ ನೀರು ಸುರಿದು ಎಷ್ಟು ಹೊತ್ತಿಗೆ ಹರಿದುಹೋಗುತ್ತದೆ ಎಂದು ಕಾದೆವು. ಫ್ಲಶ್ ಒತ್ತಿ ತೊಟ್ಟಿ ತುಂಬಿದ ಮೇಲೆ ನೀರು ನಿಲ್ಲುತ್ತದೆಯೇ ಎಂದು ಕಿವಿಗೊಟ್ಟೆವು. ಮೊಬೈಲ್ ಚಾರ್ಜರ್ ಹಿಡಿದು ಎಲ್ಲ ಪ್ಲಗ್‌ಗಳಿಗೂ ಹೋದ ಹೊಸ ಬಾಡಿಗೆದಾರರ ಮಗಳು ಎರಡು ಸತ್ತಿವೆ ಎಂದು ಕಂಡುಹಿಡಿದಳು. ಕಿಟಕಿ ಬಾಗಿಲುಗಳ ಚಿಲಕ ಹಾಕಿ ತೆಗೆದು, ಮೀಟರಿನ ಅಂಕಿ ಬರೆದು, ಬೀಗದ ಕೈಗಳನ್ನು ಎಣಿಸಿದೆವು.

ಚಿತ್ರಗಳನ್ನು ವಾಟ್ಸ್ಆ್ಯಪ್‌ನಲ್ಲಿ ಫೋಟೊ ಆಗಿ ಕಳುಹಿಸಬೇಡಿ ಎಂದೆ. ಅದು ಚಿತ್ರವನ್ನು ಕುಗ್ಗಿಸುತ್ತದೆ, ಅದರೊಳಗೆ ಅಡಗಿರುವ ತೆಗೆದ ದಿನ, ಸಮಯದ ದಾಖಲೆಯನ್ನೂ ಕಳಚಿಬಿಡುತ್ತದೆ. ಮೂಲ ಕಡತಗಳನ್ನೇ ಇಮೇಲ್ ಮಾಡಿ ಇಬ್ಬರೂ ಉಳಿಸಿಕೊಂಡರು. ಮಾತು ನ್ಯಾಯಾಲಯದವರೆಗೆ ಹೋದರೆ 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಪ್ರಕರಣದಂತೆ ಎಲೆಕ್ಟ್ರಾನಿಕ್ ದಾಖಲೆಯ ಜೊತೆ ಪ್ರಮಾಣಪತ್ರ ಕೊಡಬೇಕಾಗುತ್ತದೆ. ಮೂಲ ಕಡತ ಕೈಯಲ್ಲಿದ್ದರೆ ಅದು ಸುಲಭ. ಮನೆಯಲ್ಲೇ ಮುಗಿಯುವ ಮಾತಿಗೆ ಅಷ್ಟು ಬೇಡ. ಎರಡು ಹಾಳೆ, ಎರಡು ಸಹಿ ಸಾಕು.

ಆ ಹಾಳೆಗಳನ್ನು ಬರೆದವರು ಟೀಚರಮ್ಮನವರೇ. ಸುಸ್ಥಿತಿ ಎಂಬ ಪದವನ್ನು ಎಲ್ಲೂ ಬಳಸಕೂಡದು ಎಂದು ನಾನು ಮೊದಲೇ ಕೇಳಿಕೊಂಡಿದ್ದೆ. ಕಂಡದ್ದನ್ನು ಕಂಡ ಹಾಗೆ, ಅಳತೆಯೊಂದಿಗೆ. ಮಕ್ಕಳ ಪಟ್ಟಿಪುಸ್ತಕ ತಿದ್ದಿದ ಆ ದುಂಡಗಿನ ಅಕ್ಷರದಲ್ಲಿ ಹದಿನೇಳನೆಯ ಸಾಲು ಹೀಗಿದೆ: "ಅಡುಗೆ ಕಟ್ಟೆ. ಸಿಂಕಿನ ಎಡ ಮೂಲೆಯಿಂದ ಗೋಡೆಯ ಕಡೆಗೆ ಹಳೆಯ ಬಿರುಕು, ಉದ್ದ 11 ಸೆಂ.ಮೀ. ಇವರು ಬರುವ ಮೊದಲೇ ಇದೆ." ಹೊಸಬರು ಅದರ ಪಕ್ಕದಲ್ಲಿ ಸಹಿ ಹಾಕಿದರು. ಆಮೇಲೆ ಅದೇ ಕಟ್ಟೆಯ ಮೇಲೆ ಒಲೆ ಇಟ್ಟು ಹಚ್ಚಿದರು.